ಶಯ್ಯಾಪ್ರಮಾಣ ಮೀಮಾಂಸೆ

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬುದು ಕನ್ನಡಿಗರ ಮೂಲ ಶಯ್ಯಾಸೂತ್ರ. ವ್ಯಾಖ್ಯಾನಕಾರರು ಇದನ್ನು ಮಿತವ್ಯಯದ ಉಪದೇಶವೆಂದು ಭ್ರಮಿಸಿ ತಲೆಮಾರುಗಳ ಕಾಲ ಮಕ್ಕಳನ್ನು ಗದರಿಸಿದ್ದಾರೆ. ಸೂತ್ರಕಾರನು ಹೇಳಿದ್ದು ಉದ್ದವನ್ನು ಮಾತ್ರ. ದಪ್ಪ, ಸಾಂದ್ರತೆ, ಮೆದುತನಗಳ ಬಗ್ಗೆ ಅವನದು ಗಾಢ ಮೌನ. ಚಾಪೆಯ ಕಾಲಕ್ಕೆ ಅಷ್ಟು ಸಾಕಿತ್ತು. ಬೂರುಗದ ಹತ್ತಿಯ ಹಾಸಿಗೆಯೂ ಗಂಟು ಕಟ್ಟಿದರೆ ಬಿಸಿಲಿಗೆ ಹಾಕಿ ಕೋಲಿನಲ್ಲಿ ಬಡಿಸಿಕೊಂಡು ಸರಿಹೋಗುತ್ತಿತ್ತು. ಲ್ಯಾಟೆಕ್ಸ್ ಹಾಸಿಗೆಯ ಆಯ್ಕೆ ತಪ್ಪಿದರೆ ಬಡಿದುಕೊಳ್ಳಬೇಕಾದದ್ದು ಹಣೆಯನ್ನು. ಆದಕಾರಣ ಈ ಪ್ರಬಂಧವು ಸೂತ್ರಕ್ಕೆ ಒಂದು ವಾರ್ತಿಕವನ್ನು ಸೇರಿಸುತ್ತದೆ: ಹಾಸಿಗೆಯನ್ನು ಮೊದಲು ತೂಗು, ಆಮೇಲೆ ಮಲಗು.

ಜ್ಞಾನಕ್ಕೆ ನೈಯಾಯಿಕರು ಒಪ್ಪಿದ ಪ್ರಮಾಣಗಳು ನಾಲ್ಕು. ಶಬ್ದಪ್ರಮಾಣವೆಂದರೆ ಇಲ್ಲಿ ಸೇಲ್ಸ್‌ಮನ್ನನ ವಾಕ್ಯ. ‘ನೂರಕ್ಕೆ ನೂರು ನ್ಯಾಚುರಲ್ ಲ್ಯಾಟೆಕ್ಸ್’ ಎಂದು ಅವನು ಹೇಳಿದ್ದು ಸತ್ಯವೇ ಇರಬಹುದು. ಆದರೆ ಆ ಸತ್ಯ ಮೇಲಿನ ಒಂದಿಂಚಿಗೆ ಮಾತ್ರ ಅನ್ವಯಿಸಿ, ಕೆಳಗಿನ ಐದಿಂಚು ಸಾಮಾನ್ಯ ಫೋಮ್ ಆಗಿರಲೂಬಹುದು. ಪ್ರತ್ಯಕ್ಷವೆಂದರೆ ಅಂಗಡಿಯಲ್ಲಿ ಮಲಗಿ ನೋಡುವುದು. ಪ್ಲಾಸ್ಟಿಕ್ ಹೊದಿಕೆ ಚರಚರ ಎನ್ನುತ್ತಿರುತ್ತದೆ, ಚಪ್ಪಲಿ ಕಾಲು ಮಂಚದಾಚೆ ತೂಗಾಡುತ್ತಿರುತ್ತದೆ, ಅಪರಿಚಿತನೊಬ್ಬ ಕಾಲ ಬಳಿ ಕೈಕಟ್ಟಿ ನಿಂತಿರುತ್ತಾನೆ. ಈ ಸ್ಥಿತಿಯಲ್ಲಿ ಅಂಗಾತ ಮಲಗಿ ಪಡೆದ ಜ್ಞಾನ ಶವಾಸನಕ್ಕೆ ಉಪಯುಕ್ತ, ನಿದ್ದೆಗಲ್ಲ. ಉಪಮಾನ, ಅಂದರೆ ಹೋಲಿಕೆ, ಇನ್ನೂ ಕಷ್ಟ: ಒಬ್ಬರ ‘ಮೀಡಿಯಂ’ ಇನ್ನೊಬ್ಬರ ‘ಫರ್ಮ್’. ಹಾಸಿಗೆಯನ್ನು ಅದರ ದಪ್ಪದ ಕಾಲು ಭಾಗದಷ್ಟು ಒತ್ತಲು ಎಷ್ಟು ಬಲ ಬೇಕೆಂದು ಅಳೆಯುವ ಐಎಲ್‌ಡಿ ಎಂಬ ಅಂಕಿ ಇದೆಯಾದರೂ ಅದನ್ನು ಕೇಳಿದವರಿಗೆ ಅಂಗಡಿಯಲ್ಲಿ ಮೊದಲು ಸಿಗುವುದು ಟೀ. ಉಳಿದದ್ದು ಅನುಮಾನ. ಶಾಸ್ತ್ರದಲ್ಲಿ ಅದಕ್ಕೆ ತರ್ಕಿಸಿ ತಿಳಿಯುವುದೆಂದು ಅರ್ಥ, ಕನ್ನಡದಲ್ಲಿ ಶಂಕೆ. ಹಾಸಿಗೆ ಅಂಗಡಿಯಲ್ಲಿ ಎರಡರ್ಥವೂ ಕೂಡಿಬರುತ್ತವೆ.

ತೂಕವೇ ಏಕೆ? ಸುಳ್ಯದ ಕಡೆಯ ರಬ್ಬರ್ ತೋಟಗಳನ್ನು ಸಾಕ್ಷಿಗೆ ಕರೆಯೋಣ. ಟ್ಯಾಪಿಂಗ್ ಮಾಡುವವರು ಬೆಳಕು ಹರಿಯುವ ಮುನ್ನ ತಲೆಗೆ ದೀಪ ಕಟ್ಟಿಕೊಂಡು ಹೋಗಿ ತೊಗಟೆಯನ್ನು ಓರೆಯಾಗಿ ತೆಳ್ಳಗೆ ಹೆರೆಯುತ್ತಾರೆ. ಬಿಸಿಲೇರಿದರೆ ಲ್ಯಾಟೆಕ್ಸ್ ಎಂಬ ರಬ್ಬರ್ ಹಾಲಿನ ಹರಿವು ಕುಗ್ಗುತ್ತದೆ. (ಪರರ ನಿದ್ದೆಗೆ ತಮ್ಮ ನಿದ್ದೆಯನ್ನು ಬಂಡವಾಳ ಹಾಕುವ ಉದ್ಯಮ ಇದೊಂದೇ ಇರಲಾರದು.) ಆ ಹಾಲಿನಲ್ಲಿ ರಬ್ಬರ್ ಇರುವುದು ಸುಮಾರು ಮೂರನೇ ಒಂದು ಪಾಲು, ಉಳಿದದ್ದು ಬಹುಪಾಲು ನೀರು. ಹಾಲನ್ನು ಗಟ್ಟಿಮಾಡಿ, ನೊರೆ ಬರುವಂತೆ ಕಡೆದು, ಅಚ್ಚಿಗೆ ಹೊಯ್ದು ಹಬೆಯಲ್ಲಿ ಬೇಯಿಸುವುದು 1929ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಡನ್‌ಲಪ್ ವಿಧಾನ. ಇದು ಇಡ್ಲಿ ಪಂಥ. ಅಚ್ಚಿನ ಗಾಳಿ ಎಳೆದು, ನೊರೆಯನ್ನು ಹೆಪ್ಪುಗಟ್ಟಿಸಿ ಆಮೇಲೆ ಬೇಯಿಸುವ ಟಾಲಲೇ ವಿಧಾನದ್ದು ಐಸ್‌ಕ್ರೀಮ್ ಪಂಥ. ಎರಡರಲ್ಲೂ ಕಾಸು ಇರುವುದು ರಬ್ಬರಿನಲ್ಲಿ, ನೊರೆಯ ಗಾಳಿಯಲ್ಲಲ್ಲ. ಈಗ ಲೆಕ್ಕ ನೋಡಿ. 78 ಇಂಚು ಉದ್ದ, 60 ಇಂಚು ಅಗಲ, 6 ಇಂಚು ದಪ್ಪದ ಹಾಸಿಗೆಯ ಗಾತ್ರ 0.46 ಘನ ಮೀಟರ್. ಘನ ಮೀಟರಿಗೆ 80 ಕಿಲೋ ಸಾಂದ್ರತೆಯ ಲ್ಯಾಟೆಕ್ಸ್ ಪೂರ್ತಿ ತುಂಬಿದ್ದರೆ ಸುಮಾರು 37 ಕಿಲೋ ತೂಗಬೇಕು. ಅದೇ ಉದ್ದಗಲದ 8 ಇಂಚಿನದರಲ್ಲಿ ಲ್ಯಾಟೆಕ್ಸ್ ಎರಡೇ ಇಂಚಿದ್ದು, ಉಳಿದ ಆರಿಂಚು 32 ಕಿಲೋ ಸಾಂದ್ರತೆಯ ಫೋಮ್ ಆಗಿದ್ದರೆ ತೂಕ 27 ಕಿಲೋ. ದಪ್ಪ ಏರಿತು, ತೂಕ ಇಳಿಯಿತು. ‘ಇಂಚಿಗೆ ಇಷ್ಟು ರೂಪಾಯಿ’ ಎಂದು ಹೋಲಿಸುವ ದಪ್ಪವಾದಿಗಳು ಇಲ್ಲಿಗೆ ಪರಾಸ್ತರು.

ಪೂರ್ವಪಕ್ಷಿಯು ಏಳುತ್ತಾನೆ: ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ, ಹಾಸಿಗೆಯ ವಿಚಾರವೇ ವ್ಯರ್ಥ. ಸಮಾಧಾನ: ಕಂತಿನಲ್ಲಿ ಹಾಸಿಗೆ ಕೊಂಡವನು ಚಿಂತೆ ಇಲ್ಲದವನ ವರ್ಗಕ್ಕೆ ಸೇರುವುದಿಲ್ಲ. ಎರಡನೆಯ ಆಕ್ಷೇಪ ಬಲವಾದದ್ದು. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರಿದ್ದಾರೆ. ರಬ್ಬರಿಗೆ ಸುಣ್ಣಕಲ್ಲಿನ ಪುಡಿ, ಜೇಡಿಯಂಥ ಫಿಲ್ಲರ್ ಬೆರೆಸಿ ತೂಕ ಹೆಚ್ಚಿಸಬಹುದಲ್ಲ? ಹೌದು. ಹೀಗಾಗಿ ಹಗುರವಾದದ್ದು ನಿಶ್ಚಯವಾಗಿ ಅನರ್ಹ, ಭಾರವಾದದ್ದು ಇನ್ನೂ ಆರೋಪಿ. ಹೊದಿಕೆಯ ಜಿಪ್ ತೆಗೆಸಿ, ಒಳಗಿನ ಪದರಗಳನ್ನು ಎಣಿಸಿ, ಅಂಚನ್ನು ಒತ್ತಿ ಬಿಡಿ. ಕೈಗೆ ಪುಡಿ ಹತ್ತಿದರೆ ವಿಚಾರಣೆ ಮುಗಿಯಿತು. ಮೂರನೆಯವನು ಹೇಳುತ್ತಾನೆ: ತೂಕ ಬೆಲೆಯನ್ನು ತಿಳಿಸೀತು, ಬೆನ್ನಿಗೆ ಹೊಂದುತ್ತದೆಯೇ ಎಂಬುದನ್ನು ತಿಳಿಸದು. ಇದನ್ನು ಪೂರ್ತಿ ಒಪ್ಪಬೇಕು. ಹಾಸಿಗೆಯ ತೂಕದ ಜೊತೆಗೆ ಮಲಗುವವರ ತೂಕವೂ ಲೆಕ್ಕಕ್ಕೆ ಬರುವುದು ಇಲ್ಲೇ. ಮಗ್ಗುಲಾಗಿ ಮಲಗುವವರ ಭುಜ ಸ್ವಲ್ಪ ಇಳಿಯಬೇಕು. ತೆಳ್ಳಗಿನವರಿಗೆ ಗಟ್ಟಿ ಹಾಸಿಗೆ ಹಲಗೆ, ಭಾರದವರಿಗೆ ಮೆತ್ತನೆಯದು ಹಳ್ಳ. ಮನೆಯಲ್ಲಿ ಮಲಗುವ ಭಂಗಿಯಲ್ಲೇ ಅಂಗಡಿಯಲ್ಲೂ ಕಾಲು ಗಂಟೆ ಮಲಗಿ. ಕತ್ತಿನಿಂದ ಸೊಂಟದವರೆಗೆ ಬೆನ್ನುಮೂಳೆ ನೇರವಿದೆಯೇ ಎಂದು ಜೊತೆಗೆ ಬಂದವರು ಹಿಂದಿನಿಂದ ನೋಡಲಿ. ದಂಪತಿಗಳ ತೂಕ ಬಹಳ ಬೇರೆಯಿದ್ದರೆ 36 ಇಂಚಿನ ಎರಡು ಹಾಸಿಗೆಗಳೇ ನ್ಯಾಯ. ನಡುವಿನ ಸೀಳಿನ ಬಗ್ಗೆ ಶಾಸ್ತ್ರಕ್ಕೆ ಅಭ್ಯಂತರವಿಲ್ಲ.

ಅಂಗಡಿಯವರಲ್ಲಿ ಮೊದಲು ತೂಕ ಕೇಳಿ. ಗೊತ್ತಿಲ್ಲವೆಂದರೆ ಮೂಲೆ ಹಿಡಿದು ಎತ್ತಿ ನೋಡಿ. ‘ಪೂರ್ತಿ ಲ್ಯಾಟೆಕ್ಸ್’ ಎಂದ ದೊಡ್ಡ ಹಾಸಿಗೆಯನ್ನು ಒಬ್ಬರೇ ಸಲೀಸಾಗಿ ಎತ್ತಿದಿರಾದರೆ, ಅಲ್ಲೇ ಇಟ್ಟು ಬನ್ನಿ.