ಕೊರಳಲ್ಲಿ ಈಜಿದ ಕೈಗಡಿಯಾರ

ರೋಲೆಕ್ಸ್ ಕಟ್ಟಿದವರು ಎದುರಾದ್ರೆ ಜನ ಮೊದಲು ಕೈ ನೋಡ್ತಾರೆ, ಆಮೇಲೆ ಮುಖ. ಅಸಲಿಯೋ ನಕಲಿಯೋ ಅನ್ನೋ ಗುಸುಗುಸು ಅವರು ಬೆನ್ನು ತಿರುಗಿಸಿದ ಮೇಲೆ. ನಾವೇನೋ ಅದನ್ನ ಸ್ವಿಸ್ ಗಡಿಯಾರ ಅಂತ ಹಾಡಿ ಹೊಗಳ್ತೀವಿ. ಅದರ ಮೂಲಪುರುಷ ಹಾನ್ಸ್ ವಿಲ್ಸ್‌ಡಾರ್ಫ್ ಹುಟ್ಟಿದ್ದು ಜರ್ಮನಿಯಲ್ಲಿ, ವ್ಯಾಪಾರ ಶುರುಮಾಡಿದ್ದು 1905ರಲ್ಲಿ ಲಂಡನ್ನಿನಲ್ಲಿ. ಸುಂಕದ ಕಾಟ ತಡೀಲಾರದೆ ಆಮೇಲೆ ಜಿನೀವಾಕ್ಕೆ ಗಂಟುಮೂಟೆ ಕಟ್ಟಿದ. ಆಗೆಲ್ಲ ಗಂಡಸರಿಗೆ ಜೇಬಿನ ಗಡಿಯಾರವೇ ಮರ್ಯಾದೆ. ಕೈಗೆ ಕಟ್ಟಿದ್ರೆ ಹೆಂಗಸರ ಬಳೆ ಅಂತ ನಗ್ತಿದ್ರಂತೆ!

ನನಗೆ ಮಜಾ ಅನ್ಸೋದು ಮರ್ಸಿಡಿಸ್ ಗ್ಲೈಟ್ಸ್ ಕಥೆ. 1927ರ ಅಕ್ಟೋಬರಿನಲ್ಲಿ ಆಯಮ್ಮ ಇಂಗ್ಲಿಷ್ ಕಾಲುವೆ ಈಜಿ ದಾಟಿದಳು. ನಾಲ್ಕೇ ದಿನಕ್ಕೆ ಇನ್ನೊಬ್ಬ ಡಾಕ್ಟರಮ್ಮ, ನಾನು ಇನ್ನೂ ಬೇಗ ದಾಟಿದೆ ಅಂತ ಬಂದಳು. ಕೊನೆಗೆ ನೋಡಿದ್ರೆ ಅದು ಬರೀ ಬುರುಡೆ, ಆಕೆಯೇ ಒಪ್ಪಿಕೊಂಡಳು. ಆದ್ರೆ ಯಾರೋ ಮಾಡಿದ್ದಕ್ಕೆ ಅನುಮಾನ ಗ್ಲೈಟ್ಸ್ ಮೇಲೂ ಬಿತ್ತು ನೋಡಿ. ಸಾಬೀತು ಮಾಡ್ತೀನಿ ಅಂತ ಪಾಪ, ಆ ಕೊರೆಯೋ ನೀರಿಗೆ ಮತ್ತೆ ಇಳಿದಳು. ವಿಲ್ಸ್‌ಡಾರ್ಫ್ ಸುಮ್ನಿರ್ತಾನಾ? ನೀರು ಹೋಗದ ತನ್ನ ಆಯ್‌ಸ್ಟರ್ ಗಡಿಯಾರ ಒಂದನ್ನ ಕೊಟ್ಟು ಕಳಿಸಿದ. ಅದನ್ನ ಆಕೆ ಕೈಗೆ ಕಟ್ಟಲಿಲ್ಲ, ರಿಬ್ಬನ್ನಿನಲ್ಲಿ ಕೊರಳಿಗೆ ನೇತು ಹಾಕಿಕೊಂಡಳು. ಹತ್ತು ಗಂಟೆ ಈಜಿದ ಮೇಲೂ ದಡ ಸಿಗಲಿಲ್ಲ, ಎತ್ತಿ ದೋಣಿಗೆ ಹಾಕಬೇಕಾಯ್ತು. ಗಡಿಯಾರ ಮಾತ್ರ ಟಿಕ್ ಟಿಕ್ ಅಂತಾನೇ ಇತ್ತು. ಮುಂದಿನ ತಿಂಗಳು ಡೈಲಿ ಮೇಲ್ ಪತ್ರಿಕೆಯ ಮುಖಪುಟದ ತುಂಬ ಅದರದ್ದೇ ಜಾಹೀರಾತು. ದಾಟದ ಈಜಿನಿಂದ ಕೈಗಡಿಯಾರದ ಹೆಸರು ದಡ ಸೇರಿತು, ಅದೂ ಕೊರಳಲ್ಲಿ ಕೂತು! ಸಾಲದ್ದಕ್ಕೆ ಅಂಗಡಿಗಳ ಕಿಟಕಿಯಲ್ಲಿ ಮೀನಿನ ತೊಟ್ಟಿ ಇಟ್ಟು, ಮೀನುಗಳ ಮಧ್ಯೆ ಗಡಿಯಾರ ಮುಳುಗಿಸಿ ತೋರಿಸಿದ್ರು. ಆ ಮೀನುಗಳಿಗೆ ಹೊತ್ತು ಗೊತ್ತಾಗಿ ಏನಾಗಬೇಕಿತ್ತೋ...

ಕೈಗಡಿಯಾರ ಅಂದಾಗ ನೆನಪಾಯ್ತು. ನಮ್ಮ ಸೋದರಮಾವ ಒಬ್ಬರು ಮದುವೆಮನೇಲಿ ಬಡಿಸೋಕೆ ನಿಂತ್ರೆ ತೋಳು ಮಡಚೋರು. ಸಾರು ತಾಗದಿರಲಿ ಅಂತ ಅಲ್ಲ, ಎಚ್‌ಎಂಟಿ ಕಾಣಲಿ ಅಂತ. ಗಂಟೆ ಎಷ್ಟು ಅಂದ್ರೆ ಕೈಯನ್ನ ಮಾರುದ್ದ ದೂರ ಹಿಡಿದು, ಕಣ್ಣು ಕಿರಿದು ಮಾಡಿ, ಬೆಳಕಿನ ಕಡೆ ತಿರುಗಿ... ಅಷ್ಟರಲ್ಲಿ ಐದು ನಿಮಿಷ ಆಗಿರೋದು. ಚಾಳೀಸು ಬಂದಿದೆ ಅಂತ ಒಪ್ಪಿಕೊಳ್ಳೋ ಪೈಕಿ ಅಲ್ಲ ಅವರು. ರೋಲೆಕ್ಸಿನವರು ಜಾಣರು ಕಣ್ರೀ, ತಾರೀಕಿನ ಮೇಲೆ ಎರಡೂವರೆ ಪಟ್ಟು ದೊಡ್ಡದಾಗಿ ಕಾಣೋ ಪುಟ್ಟ ಭೂತಗನ್ನಡಿಯನ್ನೇ ಕೂರಿಸಿಬಿಟ್ರು. ಅಷ್ಟು ದುಡ್ಡು ಕೂಡಿಸೋ ಹೊತ್ತಿಗೆ ಚಾಳೀಸು ಬಂದೇ ಬಂದಿರುತ್ತೆ, ಅಲ್ವಾ?

ಇನ್ನು ಹಾಲಿವುಡ್ಡಿನ ನಟ ಪಾಲ್ ನ್ಯೂಮನ್ ಕಟ್ಟುತ್ತಿದ್ದ ರೋಲೆಕ್ಸ್ ಡೇಟೋನಾ ಗೊತ್ತಲ್ಲ? ಹೆಂಡತಿ ಕೊಟ್ಟದ್ದು. ಆತನಿಗೆ ಕಾರ್ ರೇಸಿನ ಹುಚ್ಚು, ಅದಕ್ಕೇ ಹುಷಾರಾಗಿ ಓಡಿಸು ಅಂತ ಹಿಂಬದಿಯಲ್ಲಿ ಕೆತ್ತಿಸಿದ್ದಳು. ಒಂದಿನ ಮಗಳ ಗೆಳೆಯನನ್ನ ಗಂಟೆ ಎಷ್ಟಪ್ಪ ಅಂತ ಕೇಳಿದ. ಹುಡುಗ ತನ್ನ ಗಡಿಯಾರಕ್ಕೆ ಕೀ ಕೊಡೋದನ್ನೇ ಮರೆತಿದ್ದ, ಗೊತ್ತಿಲ್ಲ ಅಂದ. ಹಾಗಾದ್ರೆ ಇದನ್ನ ತಗೋ, ಕೀ ಕೊಡೋದು ಮರೀಬೇಡ ಅಂತ ನ್ಯೂಮನ್ ಬಿಚ್ಚಿ ಕೊಟ್ಟೇಬಿಟ್ಟ. 2017ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದಕ್ಕೆ ಬಂದದ್ದು 1 ಕೋಟಿ 77 ಲಕ್ಷ ಡಾಲರ್. ಕೀ ಕೊಡೋ ಹುಡುಗನಾಗಿದ್ದಿದ್ರೆ ಹತ್ತೂಕಾಲು ಅಂತ ಹೇಳಿ ಸುಮ್ಮನಾಗ್ತಿದ್ದ, ಏನಂತೀರಿ?