ಸದರಿ ಏಣಿಯ ಹೇಳಿಕೆ

ಕರ್ನಾಟಕದ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿ, ಪ್ರತಿ ಮಗುವೂ ತನ್ನದೇ ವೇಗದಲ್ಲಿ ಕಲಿಯುವಂತೆ ರೂಪಿಸಲಾದ ಬೋಧನಾಕ್ರಮಕ್ಕೆ ನಲಿ-ಕಲಿ ಎಂದು ಹೆಸರು. ಆಂಧ್ರಪ್ರದೇಶದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರಯೋಗದಿಂದ ಪ್ರೇರಣೆ ಪಡೆದ ಈ ಕ್ರಮ 1995ರಲ್ಲಿ ಯುನಿಸೆಫ್ ನೆರವಿನೊಂದಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ, 2009-10ರಲ್ಲಿ ರಾಜ್ಯದಾದ್ಯಂತ ಹಬ್ಬಿತು. ಇದರ ಬೆನ್ನೆಲುಬು ಕಲಿಕಾ ಏಣಿ, ಅಂದರೆ ಕಲಿಯಬೇಕಾದುದನ್ನೆಲ್ಲ ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು, ಹಲವು ಮೆಟ್ಟಿಲುಗಳಿಗೊಂದರಂತೆ ಮೈಲಿಗಲ್ಲು ನೆಟ್ಟು, ಪ್ರತಿ ಮೆಟ್ಟಿಲಿಗೂ ಚಿತ್ರಗುರುತು ಮತ್ತು ಸಂಖ್ಯೆ ಕೊಟ್ಟು ಗೋಡೆಗೆ ತೂಗುಹಾಕಿದ ಪಟ.

ಮಗುವನ್ನು ಒಂದನೆಯ ತರಗತಿಗೆ ಸೇರಿಸಿದ ಪಾಲಕರು ವರ್ಷ ಹೇಗೆ ಸಾಗಬಹುದೆಂದು ಮುಖ್ಯಶಿಕ್ಷಕರನ್ನು, ಅಂಗನವಾಡಿ ಕಾರ್ಯಕರ್ತೆಯನ್ನು, ಓಣಿಯ ಟ್ಯೂಷನ್ ಟೀಚರನ್ನು ವಿಚಾರಿಸುತ್ತಾರಾದರೂ, ಆ ವರ್ಷವನ್ನೆಲ್ಲ ಮೈಮೇಲೆ ಬರೆಸಿಕೊಂಡು ಗೋಡೆಯಲ್ಲಿ ನೇತಾಡುವ ಏಣಿಯನ್ನು ಕೇಳಿದವರು ವಿರಳ. ಆ ಲೋಪವನ್ನು ಸರಿಪಡಿಸಲು ಒಂದು ಮಧ್ಯಾಹ್ನ, ಬಿಸಿಯೂಟದ ತಟ್ಟೆಗಳು ತೊಳೆದು ಬಂದ ಮೇಲೆ, ಈ ಕಾಲ್ಪನಿಕ ಸಂದರ್ಶನವನ್ನು ನಡೆಸಲಾಯಿತು. ಸರ್ಕಾರಿ ಗೋಡೆಯ ಸಹವಾಸದಿಂದ ಏಣಿಯ ಮಾತಿಗೆ ಸುತ್ತೋಲೆಯ ವಾಸನೆ ಹತ್ತಿದ್ದು, ತನ್ನನ್ನು ಅದು 'ಸದರಿ ಏಣಿ' ಎಂದೇ ಉಲ್ಲೇಖಿಸಿಕೊಳ್ಳುತ್ತದೆ; ಆ ಶೈಲಿಯನ್ನು ತಿದ್ದದೆ ಹಾಗೆಯೇ ಉಳಿಸಿಕೊಳ್ಳಲಾಗಿದೆ.

ಪ್ರಶ್ನೆ: ಶಾಲೆ ಶುರುವಾದ ಮೊದಲ ಕೆಲವು ತಿಂಗಳಲ್ಲಿ ಪಾಲಕರು ಏನನ್ನು ನಿರೀಕ್ಷಿಸಬಹುದು?

ಏಣಿ: ಮೊದಲನೆಯದಾಗಿ ಗಾಬರಿಯನ್ನು. ಆರಂಭದ ವಾರಗಳಲ್ಲಿ ಹಾಡು, ಕುಣಿತ, ಗೆರೆ ಎಳೆಯುವುದು, ಕಲ್ಲು-ಬೀಜ ವಿಂಗಡಿಸುವುದು ಇತ್ಯಾದಿ ಪೂರ್ವಸಿದ್ಧತೆ ನಡೆಯುವುದರಿಂದ, ಮನೆಯವರು ಇದನ್ನು ಅಂಗನವಾಡಿಯ ಮುಂದುವರಿದ ಭಾಗವೆಂದು ತಿಳಿದು ಸುಮ್ಮನಿರುತ್ತಾರೆ. ಆಮೇಲೆ ಒಂದು ಸಂಜೆ ಮಗು ಸ್ಲೇಟು ಹಿಡಿದು 'ರ, ಗ, ಸ, ದ, ಅ' ಎಂದು ಬರೆದು ತೋರಿಸಿದಾಗ, ಮನೆಯ ಅಜ್ಜ ಕನ್ನಡಕ ಸರಿಪಡಿಸಿಕೊಂಡು, ಅಕ್ಷರಮಾಲೆಯ ಯಜಮಾನನಾದ 'ಅ'ಕಾರವನ್ನು ಪಂಕ್ತಿಯ ತುದಿಗೆ ತಳ್ಳಿದವರು ಯಾರೆಂದು ವಿಚಾರಣೆ ಆರಂಭಿಸುತ್ತಾರೆ. ಅವರ ಗಮನಕ್ಕೆ ತರಬೇಕಾದ ಸಂಗತಿಯೆಂದರೆ, ವರ್ಣಮಾಲೆಯ ಕ್ರಮ ವ್ಯಾಕರಣಕಾರರ ಅನುಕೂಲಕ್ಕೆ ಹುಟ್ಟಿದ್ದು. 'ಅ, ಆ, ಇ, ಈ' ನಾಲ್ಕನ್ನೂ ಕಲಿತ ಮಗು ಅವುಗಳಿಂದ ಹೇಳಿಕೊಳ್ಳುವಂಥ ಪದವೊಂದನ್ನೂ ಕಟ್ಟಲಾರದು, ಆದರೆ 'ರಗಸದಅ' ಕಲಿತ ಮಗು ಸರ, ದರ, ಅರಸ, ಅಗಸ, ಗರಗಸ ಎಂದು ಅದೇ ವಾರ ಓದತೊಡಗುತ್ತದೆ. ಬರೆಯುವ ಕೈಗೆ ಒಗ್ಗುವ ತಿರುವುಗಳು ಮತ್ತು ಓದುವ ಬಾಯಿಗೆ ದಕ್ಕುವ ಪದಗಳು, ಈ ಎರಡನ್ನು ನೋಡಿ ಅಕ್ಷರಗಳ ಸರದಿ ನಿಗದಿಯಾಗಿದೆ. ಅಜ್ಜನವರ ಆಕ್ಷೇಪಣೆಯನ್ನು ಕಡತದಲ್ಲಿ ಸೇರಿಸಿಕೊಳ್ಳಲಾಗಿದೆ.

ಪ್ರಶ್ನೆ: ಮಗು 'ಇವತ್ತು ಮೂರನೇ ತಟ್ಟೆಯಲ್ಲಿ ಕೂತಿದ್ದೆ' ಎಂದು ಬಂದು ಹೇಳಿದರೆ ಪಾಲಕರು ಏನೆಂದು ತಿಳಿಯಬೇಕು?

ಏಣಿ: ಮೂರು ಸಲ ಬಡಿಸಿದರೆಂದು ತಿಳಿಯಬಾರದು. ತಟ್ಟೆ ಎಂಬುದು ಇಲ್ಲಿ ಕಲಿಕೆಯ ಗುಂಪಿನ ಹೆಸರು. ಶಿಕ್ಷಕರ ಪೂರ್ಣ ನೆರವು ಬೇಕಾದವರು ಮೊದಲ ತಟ್ಟೆ, ಭಾಗಶಃ ನೆರವು ಸಾಕಾದವರು ಎರಡನೆಯದು, ಗೆಳೆಯರ ಪೂರ್ಣ ನೆರವಿನಿಂದ ಕಲಿಯುವವರು ಮೂರನೆಯದು, ಗೆಳೆಯರ ಭಾಗಶಃ ನೆರವು ಸಾಕಾದವರು ನಾಲ್ಕನೆಯದು, ತಾವಾಗಿಯೇ ಕಲಿಯುವವರು ಐದನೆಯದು. ಮೆಟ್ಟಿಲಿನ ಕಾರ್ಡು ಬದಲಾದಂತೆ ಮಗುವಿನ ತಟ್ಟೆಯೂ ಬದಲಾಗುವುದರಿಂದ, ಬೆಳಿಗ್ಗೆ ಐದನೆಯ ತಟ್ಟೆಯಲ್ಲಿದ್ದ ಮಗು ಮಧ್ಯಾಹ್ನ ಒಂದನೆಯದಕ್ಕೆ ಬಂದಿತೆಂದರೆ ಅದು ಹಿಂಬಡ್ತಿಯಲ್ಲ, ಹೊಸ ಪಾಠವೊಂದು ಶುರುವಾಯಿತೆಂದು ಅರ್ಥ. ಇದನ್ನು ಬಡ್ತಿ-ಹಿಂಬಡ್ತಿಯ ಲೆಕ್ಕದಲ್ಲಿ ನೋಡುವ ಅಭ್ಯಾಸ ಸರ್ಕಾರಿ ನೌಕರರಾದ ಪಾಲಕರಲ್ಲಿ ಹೆಚ್ಚು. ಹಾಗೆಯೇ ಕೋಣೆಯ ಸೂರಿನ ಕೆಳಗೆ ದಾರ ಕಟ್ಟಿ, ಮಕ್ಕಳ ಚಿತ್ರ ಮತ್ತು ಅಕ್ಷರಗಳನ್ನು ತೂಗುಬಿಟ್ಟಿರುವುದು ಕಲಿಕಾ ಚಪ್ಪರ. ಯಾರ ಮದುವೆಯೆಂದು ಕೇಳುವ ಅಗತ್ಯವಿಲ್ಲ.

ಪ್ರಶ್ನೆ: ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸುವುದು ಬೋಧನಾತತ್ತ್ವವೋ, ಕೋಣೆಗಳ ಅಭಾವವೋ?

ಏಣಿ: ಅಭಾವವೂ ಒಮ್ಮೊಮ್ಮೆ ತತ್ತ್ವಕ್ಕೆ ಜನ್ಮ ಕೊಡುತ್ತದೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ, ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳಿದ್ದರೆ ಇಬ್ಬರು ಶಿಕ್ಷಕರು ಇರಬೇಕು. ಮೂವತ್ತು ಮಕ್ಕಳಿಗೊಬ್ಬರು ಎಂಬ ಲೆಕ್ಕ ಇದರಿಂದ ಸರಿಹೋಗುತ್ತದಾದರೂ, ಐದು ತರಗತಿಗಳನ್ನು ಇಬ್ಬರಿಗೆ ಹಂಚಿದಾಗ ಶೇಷ ಉಳಿಯುತ್ತದೆ, ಮತ್ತು ಸಣ್ಣ ಊರುಗಳಲ್ಲಿ ಆ ಶೇಷವೇ ಶಾಲೆ. ಬಹುವರ್ಗ ಬೋಧನೆ, ಎಂದರೆ ಒಬ್ಬ ಶಿಕ್ಷಕರು ಹಲವು ತರಗತಿಗಳನ್ನು ಏಕಕಾಲದಲ್ಲಿ ನಡೆಸುವುದು, ಈ ಪರಿಸ್ಥಿತಿಯನ್ನು ಮುಚ್ಚಿಡುವ ಬದಲು ಅದನ್ನೇ ಉಪಾಯವಾಗಿ ಮಾಡಿಕೊಂಡಿತು. ಮೂರನೆಯ ತರಗತಿಯ ಹುಡುಗಿ ಒಂದನೆಯ ತರಗತಿಯ ಹುಡುಗನಿಗೆ ಕೂಡುವ ಲೆಕ್ಕ ಹೇಳಿಕೊಡುವಾಗ ಇಬ್ಬರೂ ಕಲಿಯುತ್ತಾರೆ. ಹುಡುಗಿ ಲೆಕ್ಕವನ್ನು, ಹುಡುಗ ತಾಳ್ಮೆಯನ್ನು.

ಪ್ರಶ್ನೆ: ಪಕ್ಕದ ಮನೆಯ ಕಾನ್ವೆಂಟ್ ಮಗು ಹೊರೆ ಹೊತ್ತು ಹೋಗಿ, ಪುಟಗಟ್ಟಲೆ ಹೋಂವರ್ಕ್ ತರುತ್ತದೆ. ಸರ್ಕಾರಿ ಶಾಲೆಯ ಮಗುವಿನ ಚೀಲ ಹಗುರವಾಗಿರುವುದನ್ನು ಕಂಡು ಪಾಲಕರಿಗೆ ಸಂಕೋಚವಾಗುತ್ತದೆ.

ಏಣಿ: ರಾಜ್ಯ ಸರ್ಕಾರದ 2019ರ ಆದೇಶದ ಪ್ರಕಾರ ಒಂದು ಮತ್ತು ಎರಡನೆಯ ತರಗತಿಯ ಮಗುವಿನ ಚೀಲ 2 ಕಿಲೋ ಮೀರಬಾರದು, ಮೂರರಿಂದ ಐದನೆಯ ತರಗತಿಯದು 3 ಕಿಲೋ ಮೀರಬಾರದು, ಮೊದಲೆರಡು ತರಗತಿಗಳಿಗೆ ಮನೆಪಾಠ ಕೊಡಬಾರದು. ಆದರೆ ವಿದ್ಯೆಯನ್ನು ತಕ್ಕಡಿಯಲ್ಲಿ ತೂಗುವ ರೂಢಿ ಊರಿನಲ್ಲಿ ಗಟ್ಟಿಯಾಗಿರುವುದರಿಂದ, ನಿಯಮ ಪಾಲಿಸುವ ಶಾಲೆ ಸೋಮಾರಿಯೆಂದೂ, ಮೀರುವ ಶಾಲೆ ಶಿಸ್ತಿನದೆಂದೂ ಹೆಸರು ಪಡೆಯುತ್ತದೆ. ಸದರಿ ಏಣಿಯ ಕೆಲಸವೆಲ್ಲ ಕಾರ್ಡುಗಳಲ್ಲಿದ್ದು, ಕಾರ್ಡುಗಳು ಶಾಲೆಯಲ್ಲೇ ಉಳಿಯುತ್ತವೆ. ಕೆಲವೆಡೆ ಅವು ಹರಿದುಹೋದಾವೆಂಬ ಕಾಳಜಿಯಿಂದ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು, ಮಕ್ಕಳ ಕೈಬೆರಳನ್ನೇ ಕಾಣದೆ ಹೊಸದಾಗಿ ಉಳಿದಿರುವುದೂ ಉಂಟು. ತಪಾಸಣೆಯ ದಿನ ಅವುಗಳ ಹೊಳಪು ಮೆಚ್ಚುಗೆಗೆ ಪಾತ್ರವಾಗುತ್ತದೆ.

ಪ್ರಶ್ನೆ: ಹಾಗಾದರೆ ವರ್ಷದ ಕೊನೆಗೆ ಮಗುವಿಗೆ ಏನು ಬರಬೇಕು? ಪಾಲಕರು ಅಂಕ ಕೇಳುತ್ತಾರೆ.

ಏಣಿ: ಅಂಕಪಟ್ಟಿಯ ಬದಲು ಇಲ್ಲಿ ಪ್ರಗತಿ ನೋಟವಿದೆ, ಯಾವ ಮಗು ಯಾವ ವಿಷಯದಲ್ಲಿ ಎಷ್ಟನೆಯ ಮೈಲಿಗಲ್ಲು ದಾಟಿದೆ ಎಂದು ಗುರುತು ಹಾಕುವ ತಖ್ತೆಯದು. ಆದರೂ ಅಳತೆಗೋಲು ಬೇಕೆನ್ನುವವರಿಗೆ, 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ನಿಪುಣ್ ಭಾರತ್ ಯೋಜನೆಯ ಗುರಿಗಳು ಲಭ್ಯವಿವೆ. ಒಂದನೆಯ ತರಗತಿ ಮುಗಿಯುವಾಗ ಮಗು ನಾಲ್ಕೈದು ಸರಳ ಪದಗಳ ಪುಟ್ಟ ವಾಕ್ಯಗಳನ್ನು ಓದಬೇಕು, 99ರವರೆಗಿನ ಸಂಖ್ಯೆಗಳನ್ನು ಗುರುತಿಸಬೇಕು, ಸರಳವಾಗಿ ಕೂಡಿ ಕಳೆಯಬೇಕು. ಎರಡನೆಯ ತರಗತಿಯಲ್ಲಿ ನಿಮಿಷಕ್ಕೆ 45ರಿಂದ 60 ಪದಗಳ ಓದು ಮತ್ತು 999ರವರೆಗಿನ ಸಂಖ್ಯೆ, ಮೂರನೆಯದರಲ್ಲಿ ಕನಿಷ್ಠ 60 ಪದಗಳ ಓದು ಮತ್ತು 9999ರವರೆಗಿನ ಸಂಖ್ಯೆ. ಓದು ಎಂದರೆ ಅರ್ಥ ಮಾಡಿಕೊಂಡು ಓದುವುದು. ಗಿಣಿಪಾಠವನ್ನು ನಿಮಿಷಕ್ಕೆ 100 ಪದಗಳಂತೆ ಒಪ್ಪಿಸಿದರೂ ಅದು ಗಿಣಿಯ ಖಾತೆಗೆ ಜಮೆಯಾಗುತ್ತದೆ. ನಾಲ್ಕನೆಯ ತರಗತಿಗೆ ಹೋದ ಮೇಲೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳು, ಅಂದರೆ ಕಲಿಯುತ್ತಿರುವಾಗಲೇ ನಡೆಸುವ ಪರಿಶೀಲನೆಗಳು, ಮತ್ತು ಅವಧಿಯ ಕೊನೆಗೆ ನಡೆಯುವ ಎರಡು ಸಂಕಲನಾತ್ಮಕ ಮೌಲ್ಯಮಾಪನಗಳು ಪಾಲಕರಿಗೆ ಪರಿಚಿತವಾದ ಪರೀಕ್ಷೆಯ ವಾತಾವರಣವನ್ನು ಮರಳಿ ಒದಗಿಸುತ್ತವೆ. ಅಲ್ಲಿಯವರೆಗೆ 'ನಮ್ಮ ಹುಡುಗ ಎಷ್ಟನೆಯ ರ‍್ಯಾಂಕು' ಎಂಬ ಪ್ರಶ್ನೆಗೆ ಸದರಿ ಏಣಿಯಲ್ಲಿ ಉತ್ತರವಿಲ್ಲ.

ಪ್ರಶ್ನೆ: ಊಟ, ಹಾಲಿನ ವಿಷಯ?

ಏಣಿ: ಮನೆಗೆ ಬಂದ ಮಗುವನ್ನು 'ಇವತ್ತು ಏನು ಕಲಿಸಿದರು' ಎಂದು ಕೇಳಿದರೆ ಸಿಗುವ ಉತ್ತರ 'ಮೊಟ್ಟೆ ಕೊಟ್ಟರು' ಎಂಬುದಾಗಿರುತ್ತದೆ, ಇದನ್ನು ತಪ್ಪು ಉತ್ತರವೆಂದು ಪರಿಗಣಿಸುವಂತಿಲ್ಲ. 2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಶುರುವಾದ ಅಕ್ಷರ ದಾಸೋಹದ ಬಿಸಿಯೂಟದಿಂದ ಪ್ರಾಥಮಿಕ ಶಾಲೆಯ ಮಗುವಿಗೆ ದಿನಕ್ಕೆ 450 ಕಿಲೋ ಕ್ಯಾಲರಿ ಮತ್ತು 12 ಗ್ರಾಂ ಪ್ರೋಟೀನು ಸಿಗಬೇಕೆಂಬುದು ನಿಯಮ. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯದಿಂದ 150 ಮಿಲಿ ಲೀಟರ್ ಹಾಲು, ಜೊತೆಗೆ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಹಸಿದ ಮಗು ಎರಡನೆಯ ಮೆಟ್ಟಿಲಿನಲ್ಲೇ ತೂಕಡಿಸುತ್ತದೆ ಎಂಬುದು ಗೋಡೆಯ ಮೇಲಿಂದ ಎಲ್ಲವನ್ನೂ ಕಾಣುವ ಸದರಿ ಏಣಿಯ ಅನುಭವ.

ಪ್ರಶ್ನೆ: ವರ್ಷವೆಂದರೆ ನಿಜವಾಗಿ ಎಷ್ಟು ದಿನ?

ಏಣಿ: ಕಾಯ್ದೆಯ ಲೆಕ್ಕದಲ್ಲಿ ಒಂದರಿಂದ ಐದನೆಯ ತರಗತಿಗೆ ಕನಿಷ್ಠ 200 ಕೆಲಸದ ದಿನಗಳು ಮತ್ತು 800 ಬೋಧನಾ ಗಂಟೆಗಳು. ಶಾಲೆ ಮೇ ಕೊನೆಯಲ್ಲಿ ತಳಿರುತೋರಣದೊಂದಿಗೆ ಬಾಗಿಲು ತೆರೆದು, ದಸರೆಗೆ ಒಮ್ಮೆ ಮುಚ್ಚಿ, ಏಪ್ರಿಲ್‌ನಲ್ಲಿ ಬೇಸಿಗೆ ರಜೆಗೆ ಹೊರಡುವಷ್ಟರಲ್ಲಿ, ಈ ದಿನಗಳಿಗೆ ಹಲವು ಹಕ್ಕುದಾರರು ಹುಟ್ಟಿಕೊಳ್ಳುತ್ತಾರೆ. ಹತ್ತು ವರ್ಷಕ್ಕೊಮ್ಮೆ ಬರುವ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ, ಈ ಮೂರನ್ನು ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ನಿಯೋಜಿಸಬಾರದೆಂದು ಅದೇ ಕಾಯ್ದೆಯ 27ನೆಯ ಕಲಂ ಹೇಳುತ್ತದೆ. ಆದರೆ 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ಸುತ್ತಿದವರಲ್ಲಿ ಶಿಕ್ಷಕರೇ ಹೆಚ್ಚಿದ್ದು, ಅದು ಮುಗಿಯದ ಕಾರಣ ಸರ್ಕಾರಿ ಶಾಲೆಗಳ ದಸರೆ ರಜೆ ಅಕ್ಟೋಬರ್ 18ರವರೆಗೆ ಹಿಗ್ಗಿತು. ನಾಡಿನ ಶೈಕ್ಷಣಿಕ ಸ್ಥಿತಿಯನ್ನು ಅಳೆಯಲು ಶಾಲೆಯನ್ನು ಮುಚ್ಚಬೇಕಾಯಿತೆಂಬುದರ ಮೇಲೆ ಅಭಿಪ್ರಾಯ ನೀಡುವ ಅಧಿಕಾರ ಸದರಿ ಏಣಿಗೆ ಇಲ್ಲ.

ಪ್ರಶ್ನೆ: ದಿನಗಳು ಶಾಲೆಯ ಕಡೆಯಿಂದ ಮಾತ್ರ ಸೋರುತ್ತವೆಯೇ?

ಏಣಿ: ಊರ ಜಾತ್ರೆ, ಸೋದರತ್ತೆಯ ಮನೆಯ ಗೃಹಪ್ರವೇಶ, ಹತ್ತಿ ಬಿಡಿಸುವ ಸುಗ್ಗಿ, ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ನಿಂತ ಅಕ್ಕ, ಇವೆಲ್ಲ ಹಾಜರಿ ಪುಸ್ತಕದಲ್ಲಿ ಒಂದೇ ಅಕ್ಷರವಾಗಿ ದಾಖಲಾಗುತ್ತವೆ. ಉತ್ತರ ಕರ್ನಾಟಕದ ಮಳೆಯಾಶ್ರಿತ ಊರುಗಳಿಂದ ಕುಟುಂಬಗಳು ಗುಳೆ ಹೋದಾಗ, ಅಂದರೆ ಕೂಲಿ ಹುಡುಕಿಕೊಂಡು ಋತುಕಾಲಕ್ಕೆ ಊರು ಬಿಟ್ಟಾಗ, ಮಗುವೂ ಗಂಟುಮೂಟೆಯ ಜೊತೆ ಹೋಗುತ್ತದೆ. ಈ ವಿಷಯದಲ್ಲಿ ಮಾತ್ರ ಸದರಿ ಏಣಿ ಸ್ವಲ್ಪ ಜಂಬಪಡಲು ಅನುಮತಿ ಕೋರುತ್ತದೆ. ಪಠ್ಯಪುಸ್ತಕದ ತರಗತಿಯಲ್ಲಿ ಮೂರು ತಿಂಗಳು ತಪ್ಪಿಸಿಕೊಂಡ ಮಗು ಹಿಂದಿರುಗುವಾಗ ಹತ್ತನೆಯ ಪಾಠ ನಡೆಯುತ್ತಿದ್ದು, ಮಗು ಬಾಯಿ ಬಿಟ್ಟು ಕೂರುತ್ತದೆ. ಏಣಿಯ ತರಗತಿಯಲ್ಲಿ ಅದು ಬಿಟ್ಟುಹೋದ ಮೆಟ್ಟಿಲಿನ ಕಾರ್ಡು ಎತ್ತಿಕೊಂಡು ಮುಂದುವರಿಯುತ್ತದೆ. ಹಾವು-ಏಣಿ ಆಟಕ್ಕೂ ಸದರಿ ಏಣಿಗೂ ಇರುವ ಮುಖ್ಯ ವ್ಯತ್ಯಾಸ, ಇಲ್ಲಿ ಹಾವು ಇಲ್ಲದಿರುವುದು.

ಪ್ರಶ್ನೆ: 'ನಾಲ್ಕು ಬಾರಿಸಿಯಾದರೂ ಕಲಿಸಿ' ಎಂದು ಶಾಲೆಗೆ ಬಂದು ಹೇಳುವ ಪಾಲಕರಿಗೆ ಏಣಿಯ ಉತ್ತರವೇನು?

ಏಣಿ: ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಕಾಯ್ದೆಯ 17ನೆಯ ಕಲಂ ನಿಷೇಧಿಸಿದೆ ಎಂಬುದು ಲಿಖಿತ ಉತ್ತರ. ಏಣಿ ಹತ್ತುತ್ತಿರುವವರ ಬೆನ್ನಿಗೆ ಬಾರಿಸಿದರೆ ಅವರು ಕೈ ಬಿಡುತ್ತಾರೆ, ಮೇಲೇರುವುದಿಲ್ಲ ಎಂಬುದು ಮೌಖಿಕ ಉತ್ತರ.

ಪ್ರಶ್ನೆ: ಕೊನೆಯದಾಗಿ, ಪಾಲಕರಿಂದ ಏಣಿ ಏನನ್ನು ನಿರೀಕ್ಷಿಸುತ್ತದೆ?

ಏಣಿ: ಕರ್ನಾಟಕದಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ, ಇಂಥ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆಯೂ ಹೇಳುತ್ತದೆ. ಮೇಲುಸ್ತುವಾರಿ ಎಂದರೆ ಶಾಲೆ ಹೇಗೆ ನಡೆಯುತ್ತಿದೆಯೆಂದು ಕೇಳುವ ಅಧಿಕಾರ. ವಾಡಿಕೆಯಲ್ಲಿ ಅದು ನಡಾವಳಿ ಪುಸ್ತಕವನ್ನು ಮನೆಗೆ ಕಳುಹಿಸಿ ಸಹಿ ತರಿಸಿಕೊಳ್ಳುವ ಕ್ರಿಯೆಯಾಗಿದೆ. ಎರಡನೆಯ ಶಿಕ್ಷಕರ ಹುದ್ದೆ ಏಕೆ ಖಾಲಿಯಿದೆ, ಕಾರ್ಡುಗಳು ಬೀರುವಿನಲ್ಲಿ ಏಕಿವೆ, ಮಗು ಕಳೆದ ತಿಂಗಳಿಂದ ಅದೇ ಮೆಟ್ಟಿಲಿನಲ್ಲಿ ಏಕೆ ನಿಂತಿದೆ ಎಂದು ಪ್ರಗತಿ ನೋಟದ ಮುಂದೆ ನಿಂತು ಕೇಳಲು ಅಕ್ಷರ ಬರಲೇಬೇಕೆಂದಿಲ್ಲ, ಏಕೆಂದರೆ ಮೆಟ್ಟಿಲುಗಳಿಗೆ ಚಿತ್ರಗುರುತುಗಳಿವೆ. ಅಟ್ಟಕ್ಕೆ ಏಣಿ ಇಟ್ಟಾಗ ಬುಡ ಹಿಡಿಯಲು ಒಬ್ಬರನ್ನು ನಿಲ್ಲಿಸದ ಮನೆ ಊರಿನಲ್ಲಿ ಒಂದೂ ಇಲ್ಲ. ಸದರಿ ಏಣಿಯನ್ನು ಮಾತ್ರ ಮೊಳೆಯೊಂದೇ ಹಿಡಿದುಕೊಂಡಿದೆ.

ಹೇಳಿಕೆಯನ್ನು ಓದಿ ಹೇಳಲಾಗಿ, ಏಣಿ ಸರಿಯೆಂದು ಒಪ್ಪಿಕೊಂಡಿತು. ಆದರೆ ಇದನ್ನು ಶಾಲೆಯ ದಾಖಲೆಗೆ ಸೇರಿಸಲು ಸಮಿತಿಯ ಅನುಮೋದನೆ ಅಗತ್ಯವಾಗಿದ್ದು, ಕರೆದ ಸಭೆಗೆ ಕೋರಂ, ಅಂದರೆ ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಾತಿ, ದೊರೆಯದ ಕಾರಣ ವಿಷಯವನ್ನು ಮುಂದಿನ ತಿಂಗಳಿಗೆ ಮುಂದೂಡಲಾಯಿತು. ನಡಾವಳಿ ಪುಸ್ತಕವನ್ನು ಸಹಿಗಾಗಿ ಸದಸ್ಯರ ಮನೆಗಳಿಗೆ ಕಳುಹಿಸಲಾಗಿದೆ.