ಹಳೆಯ ಮಾರುತಿಯ ನಾದ ಮೀಮಾಂಸೆ

ವಯಸ್ಸಾದ ಕಾರುಗಳಲ್ಲಿ ಹುಟ್ಟುವ ಶಬ್ದಗಳನ್ನು ಸ್ಥೂಲವಾಗಿ ಎರಡು ವರ್ಗಗಳಾಗಿ ವಿಂಗಡಿಸಬಹುದು: ಮಾಲೀಕನಿಗೆ ಮಾತ್ರ ಕೇಳಿಸುವಂಥವು ಮತ್ತು ಮಾಲೀಕನೊಬ್ಬನನ್ನು ಬಿಟ್ಟು ಊರಿಗೆಲ್ಲ ಕೇಳಿಸುವಂಥವು. ಎರಡನೆಯ ವರ್ಗದ ಅಧ್ಯಯನಕ್ಕೆ ಪರಿಶ್ರಮ ಬೇಕಿಲ್ಲ. ಸೈಲೆನ್ಸರ್ ತೂತು ಬಿದ್ದ ಸಂಗತಿಯನ್ನು ನೆರೆಮನೆಯವರೇ ಬಂದು ತಿಳಿಸಿಹೋಗುತ್ತಾರೆ. ಮೊದಲನೆಯದೇ ಇಲ್ಲಿನ ವಿಷಯ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು, 2014ರ ಜನವರಿಯಲ್ಲಿ ತಯಾರಿಕೆ ನಿಂತುಹೋದ ಮಾರುತಿ 800 ಎಂಬ, ಮೂರು ಸಿಲಿಂಡರುಗಳ 796 ಸಿ.ಸಿ. ಎಂಜಿನ್ನಿನ ಪುಟ್ಟ ಕಾರಿನ ಒಂದು ಪ್ರತಿ ನಂಜನಗೂಡಿನಲ್ಲಿ ಇಂದಿಗೂ ಓಡಾಡಿಕೊಂಡಿದ್ದು, ಈ ವಿವೇಚನೆಗೆ ಅದೇ ಆಕರ. ಆ ಕಾರಿನ ಮಾಲೀಕನೂ ಈ ಪ್ರಬಂಧಕಾರನೂ ಒಬ್ಬನೇ ಇರಬಹುದೆಂದು ಓದುಗರಿಗೆ ಗುಮಾನಿ ಬಂದರೆ, ಅದನ್ನು ಅಲ್ಲಗಳೆಯಲು ತಕ್ಕ ಸಾಕ್ಷ್ಯ ಲಭ್ಯವಿಲ್ಲ.

ಶಾಸ್ತ್ರವೇನೋ ಸರಳವಾಗಿದೆ. ಸ್ಟೀರಿಂಗನ್ನು ಪೂರ್ತಿ ತಿರುಗಿಸಿದಾಗ ಮುಂದಿನ ಚಕ್ರದ ಬಳಿ ಟಕಟಕ ಎಂದರೆ ಆಕ್ಸಲ್ ಜಾಯಿಂಟಿನ ರಬ್ಬರು ಹರಿದು ಗ್ರೀಸು ಸೋರಿದೆಯೆಂದೂ, ವೇಗ ಏರಿದಂತೆ ಗುಂಯ್‌ಗುಟ್ಟುವಿಕೆಯೂ ಏರಿದರೆ ವೀಲ್ ಬೇರಿಂಗ್ ಸವೆದಿದೆಯೆಂದೂ ತಿಳಿಯಬೇಕು. ಬ್ರೇಕು ಒತ್ತಿದಾಗ ಹೊರಡುವ ಕಿರ್ ಎಂಬ ನಾದಕ್ಕೆ ಮಾತ್ರ ಕುಲೀನ ವಂಶಾವಳಿಯಿದೆ. ಪ್ಯಾಡು ಡಿಸ್ಕನ್ನು ಒಂದು ಕ್ಷಣ ಹಿಡಿದು, ಮರುಕ್ಷಣ ಜಾರಿ, ಮತ್ತೆ ಹಿಡಿಯುವುದರಿಂದ ಹುಟ್ಟುವ ಈ ಕಂಪನದ ಮೂಲತತ್ತ್ವವೂ ಪಿಟೀಲಿನ ತಂತಿಯ ಮೇಲೆ ಕಮಾನು ಎಳೆದಾಗ ಕೆಲಸ ಮಾಡುವ ತತ್ತ್ವವೂ ಒಂದೇ. ಕಮಾನಿನಿಂದ ನುಡಿಯುವ ತಂತಿಗಳ ಕಂಪನವನ್ನು ಕುರಿತು ಸಿ.ವಿ. ರಾಮನ್ನರು 1918ರಲ್ಲಿ ಪ್ರೌಢಗ್ರಂಥವನ್ನೇ ಪ್ರಕಟಿಸಿದ್ದರು. ಟಿ. ನರಸೀಪುರದ ತಿರುಮಕೂಡಲಿನಲ್ಲಿ 1895ರಲ್ಲಿ ಜನಿಸಿದ ಪಿಟೀಲು ಚೌಡಯ್ಯನವರು, ಮೈಕಿಲ್ಲದ ಸಭೆಗಳಲ್ಲಿ ನಾದ ಹಿಂದಿನ ಸಾಲಿಗೂ ಮುಟ್ಟಲೆಂದು ನಾಲ್ಕು ತಂತಿಗಳ ವಾದ್ಯಕ್ಕೆ ಇನ್ನೂ ಮೂರನ್ನು ಸೇರಿಸಿಕೊಂಡರು. ಪ್ರಸ್ತುತ ಕಾರು ಒಂದು ತಂತಿಯನ್ನೂ ಸೇರಿಸಿಕೊಳ್ಳದೆ ಅದೇ ಫಲವನ್ನು ಸಾಧಿಸಿದ್ದು, ಅವರ ಊರಿನ ಬಸ್‌ಸ್ಟ್ಯಾಂಡಿನ ಎದುರು ಬ್ರೇಕು ಹಾಕಿದಾಗಲೆಲ್ಲ ಮಾಲೀಕನ ಮುಖದಲ್ಲಿ ನಾಚಿಕೆಯ ಜೊತೆಗೆ ಅಷ್ಟಿಷ್ಟು ಹೆಮ್ಮೆಯೂ ಕಾಣಿಸಿಕೊಳ್ಳುವುದುಂಟು.

ಆದರೆ ಡಿಕ್ಕಿಯ ಕಡೆಯಿಂದ ಬರುತ್ತಿದ್ದ ಗುಡುಕ್ ಎಂಬ ಸದ್ದು ಯಾವ ಶಾಸ್ತ್ರಕ್ಕೂ ಸಿಗಲಿಲ್ಲ. ಗ್ಯಾರೇಜಿನ ಬಾಗಿಲಲ್ಲಿ ಅದು ಮಾಯವಾಗುತ್ತಿತ್ತು. ಹತ್ತಿದವರೆಲ್ಲ ಏನೂ ಕೇಳಿಸುತ್ತಿಲ್ಲವೆಂದರು, ಮೊಬೈಲಿನಿಂದ ತಲೆಯೆತ್ತದೆಯೇ. ಸಲಹೆ ಕೇಳಿದರೆ ಕಾರನ್ನೇ ಮಾರಿಬಿಡಿ ಎನ್ನುವ ಬಂಧುವರ್ಗದ ಬಗ್ಗೆ ಇಲ್ಲಿ ಹೆಚ್ಚು ಬರೆಯದಿರುವುದು ಕ್ಷೇಮ. ಮೊಣಕಾಲು ಕಟಕಟ ಎಂದರೆ ಅವರು ಅದನ್ನು ಮಾರುವುದಿಲ್ಲ.

ಪ್ರತ್ಯಕ್ಷ ಪ್ರಮಾಣವೊಂದೇ ಉಳಿದಿದ್ದರಿಂದ, ಹಿಂದಿನ ಸೀಟನ್ನು ಮಡಚಿ, ಡಿಕ್ಕಿಯತ್ತ ತಲೆಯಿಟ್ಟು ಮಾಲೀಕನ ಭಾವಮೈದುನನನ್ನು ಮಲಗಿಸಿ, ಕಪಿಲೆಯ ದಂಡೆಯ ಸುತ್ತೂರಿನ ಮಾರ್ಗವಾಗಿ ಟಿ. ನರಸೀಪುರಕ್ಕೆ ಸಂಶೋಧನಾ ಯಾತ್ರೆ ಹೊರಟಿತು. ನಂಜನಗೂಡಿನ ಹೊಳೆಯ ಮೇಲೆ 1735ರಲ್ಲಿ ಕಟ್ಟಿದ ಕಲ್ಲಿನ ಸೇತುವೆ ರೈಲನ್ನೂ ಗಾಡಿಗಳನ್ನೂ ಹೊತ್ತೂ ಗೊಣಗಿದ್ದು ಕೇಳಿಲ್ಲವಾದರೂ, ಭಾವಮೈದುನನಿಂದ ಅಂಥ ಸಹನೆಯನ್ನು ನಿರೀಕ್ಷಿಸುವಂತಿರಲಿಲ್ಲ. "ಬಂತು ಭಾವ, ಬಲಗಡೆ" ಎನ್ನುವನು; ಮರುಗಳಿಗೆಯಲ್ಲಿ "ಇಲ್ಲ, ಅದು ನನ್ನ ತಲೆ" ಎಂದು ತಿದ್ದುವನು. ಪ್ರತಿ ಹಂಪಿನಲ್ಲೂ ಆತನ ತಲೆ ಲೋಹಕ್ಕೆ ತಾಗಿ ಹೊಸದೊಂದು ಸದ್ದು ಹುಟ್ಟುತ್ತಿದ್ದುದರಿಂದ, ಮೂಲ ಶಬ್ದವನ್ನೂ ಪ್ರಕ್ಷಿಪ್ತ ಶಬ್ದವನ್ನೂ, ಅಂದರೆ ನಡುವೆ ಬಂದು ಸೇರಿಕೊಂಡದ್ದನ್ನೂ, ಬೇರ್ಪಡಿಸುವುದೇ ಸಂಶೋಧನೆಯ ಮುಖ್ಯ ಸಮಸ್ಯೆಯಾಯಿತು. ಹಂಪನ್ನು ಮುಂದಕ್ಕೂ ಹಿಂದಕ್ಕೂ ಹತ್ತಿಳಿಸುತ್ತಿದ್ದಾಗ ಪಕ್ಕದ ಟೀ ಅಂಗಡಿಯ ಹಿರಿಯರು ಗ್ಲಾಸು ಕೆಳಗಿಟ್ಟು ಎದ್ದು ಬಂದರು. ಕಿಟಕಿಯಲ್ಲಿ ಇಣುಕಿದೊಬ್ಬರು ಮಲಗಿದ ದೇಹವನ್ನು ಕಂಡು ಧ್ವನಿ ತಗ್ಗಿಸಿ, "ಆಸ್ಪತ್ರೆಗಾ ಸ್ವಾಮಿ? ಹೆಂಗವ್ರೆ?" ಎಂದರು. ದೇಹವೇ ಮುಖವೆತ್ತಿ, "ಮಾತಾಡ್ಬೇಡಿ, ಕೇಳಿಸ್ಕೊಳ್ತಾ ಇದ್ದೀನಿ" ಎಂದಾಗ ಅವರು ಎರಡು ಹೆಜ್ಜೆ ಹಿಂದೆ ಸರಿದರು.

ವಿಷಯ ತಿಳಿದ ಮೇಲೆ ಸಭೆ ಸೇರಿತು. ಒಬ್ಬರು ಡಿಕ್ಕಿಯನ್ನು ಅದುಮಿ ಅದುಮಿ ಬಿಟ್ಟರು. ಮತ್ತೊಬ್ಬರು ಚಕ್ರಕ್ಕೆ ಒದ್ದು ಕಿವಿಗೊಟ್ಟರು. ಕೊನೆಗೆ, ಎತ್ತಿನ ಗಾಡಿ ಹೊಡೆದು ಹಣ್ಣಾದಂತಿದ್ದ ಹಿರಿಯರೊಬ್ಬರು, "ಖಾಲಿ ಗಾಡಿ ಸದ್ದು ಮಾಡೇ ಮಾಡ್ತದೆ. ಭಾರ ಏರ್ಲಿ, ತಡೀರಿ" ಎಂದು ತೀರ್ಪಿತ್ತು, ಭಾವಮೈದುನನನ್ನು ಇಳಿಸಿ, ಸೀಟು ಎತ್ತಿಸಿ, ಸಂಗಡಿಗರೊಂದಿಗೆ ತಾವೇ ಹತ್ತಿ ಕುಳಿತರು. ಕಾರು ಭಾವಮೈದುನನನ್ನು ರಸ್ತೆಯಲ್ಲೇ ಬಿಟ್ಟು ಹಂಪನ್ನು ಏರಿ ಇಳಿಯಿತು. ಸದ್ದಿಲ್ಲ. ಹಿರಿಯರು ಇಳಿದರು; ಗುಡುಕ್. ಹತ್ತಿದರು, ಇಲ್ಲ. ಟಿ. ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿಯಿದ್ದು, ಕ್ಷೇತ್ರದ ಮಹಿಮೆ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚೆಂಬ ಪ್ರತೀತಿಯಿದೆ. ಆ ಸೀಮೆಯವರಿಗೆ ತೂಕದ ಪರಿಣಾಮವನ್ನು ಬೇರೆ ಯಾರೂ ಕಲಿಸಬೇಕಾಗಿಲ್ಲ. ಪ್ರಯೋಗದ ಸತ್ಯ ಸಿದ್ಧವಾದ ಬಳಿಕವೂ, ನಿಜ ಹೇಳಬೇಕೆಂದರೆ ಎಲ್ಲರಿಗೂ ಅದು ಹಿಡಿಸಿದ್ದರಿಂದ, ಪುನರಾವರ್ತನೆ ಕೆಲಕಾಲ ನಡೆಯಿತು.

ಟಿ. ನರಸೀಪುರದ ಮೇಸ್ತ್ರಿ ವೃತ್ತಾಂತವನ್ನು ಅರ್ಧ ಕೇಳಿಯೇ ಹಿಂದಿನ ಸ್ಪ್ರಿಂಗನ್ನು ಬಿಚ್ಚಿಸಿದರು. ಸ್ಪ್ರಿಂಗು ಕೂರುವ ರಬ್ಬರು ಪುಡಿಯಾಗಿತ್ತು. ಭಾರವಿದ್ದಾಗ ಒತ್ತಿ ಕೂರುತ್ತಿದ್ದ ಸ್ಪ್ರಿಂಗು ಖಾಲಿಯಿದ್ದಾಗ ಎಗರಿ ಬಡಿಯುತ್ತಿತ್ತು. ಎಂಜಿನ್ನನ್ನೂ ನೋಡಿಬಿಡೋಣವೆಂದು ಅವರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೆ ಒತ್ತಿ, ಹಿಡಿಯನ್ನು ಕಿವಿಗಲ್ಲ, ದವಡೆಯ ಮೂಳೆಗೆ ಆನಿಸಿಕೊಂಡರು. ಜೀವಮಾನವಿಡೀ ಸುತ್ತಿಗೆಯ ಬಡಿತದ ನಡುವೆ ದುಡಿದು ಕಿವಿ ಮಂದವಾಗಿದೆಯೆಂದೂ, ಮೂಳೆಗೆ ಇನ್ನೂ ಚೆನ್ನಾಗಿ ಕೇಳುತ್ತದೆಂದೂ ಅವರ ಹುಡುಗ ವಿವರಿಸಿದ. ಊರಿನ ಕಾರುಗಳ ನರಳಾಟಕ್ಕೆಲ್ಲ ಕಿವಿಯಾಗಿದ್ದವರ ಕಿವಿಯ ಖರ್ಚನ್ನು ಯಾವ ಬಿಲ್ಲಿನಲ್ಲೂ ಯಾರೂ ಬರೆದಿಲ್ಲ. ಅವರು ಕಣ್ಣು ಮುಚ್ಚಿಕೊಂಡು ಆಲಿಸುತ್ತಿದ್ದಷ್ಟು ಹೊತ್ತು ಸಂಶೋಧನಾ ತಂಡದ ಹಾಸ್ಯ ಪ್ರವೃತ್ತಿ ಸ್ವಲ್ಪ ಕುಗ್ಗಿತ್ತು. "ಎಂಜಿನ್ ಚೆನ್ನಾಗದೆ" ಎಂದಷ್ಟೇ ಹೇಳಿ ಅವರು ಕೈ ಒರೆಸಿಕೊಂಡರು.

ದೊಡ್ಡ ಸದ್ದು ಸಣ್ಣ ಸದ್ದನ್ನು ಮುಚ್ಚಿಡುತ್ತದೆಂಬುದು ಧ್ವನಿವಿಜ್ಞಾನದಲ್ಲಿ ಇತ್ಯರ್ಥವಾದ ಸಂಗತಿ. ಹೊಸ ರಬ್ಬರು ಕೂತ ಮೇಲೆ ಗುಡುಕ್ ನಿಂತು, ಅದರಡಿಯಲ್ಲಿ ಅಡಗಿದ್ದ ಗುಂಯ್ ಎಂಬುದೊಂದು ಮುಂದಿನ ಎಡಚಕ್ರದ ಕಡೆಯಿಂದ ಸ್ಪಷ್ಟವಾಗಿ ಕೇಳಿಬಂತು. ಮಾಲೀಕನು ಉತ್ಸಾಹದಿಂದ ಮುಂದಿನ ಬಾಗಿಲು ತೆರೆದು ಹಿಡಿದು, ಈ ಸಲ ಮಲಗಬೇಕಾಗಿಲ್ಲವೆಂದೂ, ಕಿಟಕಿಯಿಂದ ತಲೆ ಹೊರಗಿಟ್ಟರೆ ಸಾಕೆಂದೂ ತಿಳಿಸುವಷ್ಟರಲ್ಲಿ ಭಾವಮೈದುನನು ನಂಜನಗೂಡಿನ ಬಸ್ಸು ಹತ್ತಿ, ಟಿಕೆಟ್ಟನ್ನೂ ತೆಗೆದುಕೊಂಡಾಗಿತ್ತು.